ಆತನಿಗೆ ಮೊದಲೇ ಗೊತ್ತಿತ್ತು

ಅಪ್ಪ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. "ಎಷ್ಟು ಚೆನ್ನಾಗಿ ನೋಡಿಕೊಂಡೆಯಪ್ಪಾ, ನಿನ್ನಂಥ ಮಗ ಎಲ್ಲರಿಗೂ ಸಿಗಲ್ಲ." ನಾನು ತಲೆ ತಗ್ಗಿಸಿ ಕೂತಿದ್ದೆ. ದುಃಖ ಅಂದುಕೊಂಡರು.

ನನ್ನ ಕಣ್ಣ ಮುಂದೆ ಇದ್ದದ್ದು ಒಂದು ರಾತ್ರಿ. ಮೇಜಿನ ಮೇಲೆ ಫೋನ್ ಗುಂಯ್ ಅಂತಿತ್ತು. ಪರದೆಯ ಮೇಲೆ 'ಅಪ್ಪ' ಅಂತ ಹೆಸರು. ಅದೇ ನೋವು, ಅದೇ ನಿದ್ದೆ ಬರದ ಕಥೆ ಮತ್ತೆ ಕೇಳುವ ಮನಸ್ಸಿರಲಿಲ್ಲ. ಫೋನನ್ನು ಬೋರಲು ಹಾಕಿದೆ. ಅದು ನಿಲ್ಲುವವರೆಗೂ ನೋಡುತ್ತಾ ಕೂತಿದ್ದೆ. ಬೆಳಿಗ್ಗೆ ಮಾಡಿದರಾಯ್ತು ಅಂದುಕೊಂಡೆ. ಬೆಳಗಾಗುವಷ್ಟರಲ್ಲಿ ಅಪ್ಪನ ಮಾತು ನಿಂತುಹೋಗಿತ್ತು.

ಇದನ್ನು ಯಾರಿಗೂ ಹೇಳಿರಲಿಲ್ಲ. ದೇವರಿಗೂ.

ಚಿಕ್ಕಂದಿನಲ್ಲಿ "ದೇವರು ಎಲ್ಲಾ ನೋಡ್ತಿದ್ದಾನೆ" ಅಂತ ದೊಡ್ಡವರು ಹೇಳುತ್ತಿದ್ದದ್ದು ನಾವು ತಪ್ಪು ಮಾಡಿದಾಗ ಮಾತ್ರ. ಹಾಗಾಗಿ ಆ ಮಾತು ನನ್ನೊಳಗೆ ಹೆದರಿಕೆಯಾಗಿಯೇ ಉಳಿದುಬಿಟ್ಟಿತ್ತು. ಮಕ್ಕಳಿಗೆ ಹಾಗೆ ಹೇಳುವುದು ತಪ್ಪು ಅಂತ ಈಗ ಅನಿಸುತ್ತದೆ. ಬೈಬಲಿನಲ್ಲಿ ಯಜಮಾನಿಯ ಕಾಟ ತಾಳದೆ ಓಡಿಹೋದ ದಾಸಿ ಹಾಗರಳು ಅರಣ್ಯದಲ್ಲಿ ನೀರಿನ ಒರತೆಯ ಹತ್ತಿರ ಒಂಟಿಯಾಗಿದ್ದಾಗ ದೇವರನ್ನು 'ನನ್ನನ್ನು ನೋಡುವ ದೇವರು' ಅಂತ ಕರೆದಳಲ್ವಾ? ಆಕೆಗೆ ಅದು ಬದುಕುವ ಧೈರ್ಯ ಕೊಟ್ಟ ಹೆಸರು.

ಬೈಬಲಿನ 139ನೇ ಕೀರ್ತನೆಯನ್ನು ನಾವು ಸಮಾಧಾನಕ್ಕೆ ಓದುತ್ತೇವೆ. ನಾನು ಕೂರುವುದೂ ಏಳುವುದೂ ನಿನಗೆ ಗೊತ್ತು, ಮಾತು ನಾಲಿಗೆಗೆ ಬರುವ ಮೊದಲೇ ನಿನಗೆ ಗೊತ್ತು. ಸರಿ. ಆದರೆ 7ನೇ ವಚನದಲ್ಲಿ ನಿನ್ನಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡಲಿ ಅನ್ನುವ ಪ್ರಶ್ನೆ ಇದೆ. ನಾನು ಎಷ್ಟೋ ತಿಂಗಳು ಆ ವಚನದಲ್ಲೇ ಸಿಕ್ಕಿಕೊಂಡಿದ್ದೆ. ಕೀರ್ತನೆ ಶುರುವಾಗುವುದು 'ನೀನು ನನ್ನನ್ನು ಪರೀಕ್ಷಿಸಿದ್ದೀ' ಅಂತ. ಮುಗಿಯುವಾಗ 23ನೇ ವಚನದಲ್ಲಿ ಅದೇ ಮನುಷ್ಯ 'ನನ್ನನ್ನು ಪರೀಕ್ಷಿಸು' ಅಂತ ತಾನಾಗಿಯೇ ಕೇಳಿಕೊಳ್ಳುತ್ತಾನೆ.

ನನಗೆ ದಾರಿ ತೋರಿಸಿದವನು ಯೇಸುವಿನ ಶಿಷ್ಯ ಪೇತ್ರ. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ಯೇಸು ಯಾರೋ ಗೊತ್ತಿಲ್ಲ ಅಂದವನು. ಒಂದಲ್ಲ, ಮೂರು ಸಲ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ, ಕೆರೆಯ ದಡದಲ್ಲಿ, ಮತ್ತೆ ಇದ್ದಲಿನ ಬೆಂಕಿ. ಮೂಲ ಗ್ರೀಕ್‌ನಲ್ಲಿ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಆ ಹೊಗೆಯ ವಾಸನೆ ಸಾಕಿತ್ತು ಪೇತ್ರನಿಗೆ ಎಲ್ಲಾ ನೆನಪಾಗೋದಕ್ಕೆ. ಊಟವಾದ ಮೇಲೆ ಯೇಸು ಮೂರು ಸಲ ಕೇಳುತ್ತಾನೆ, ನನ್ನ ಮೇಲೆ ಪ್ರೀತಿ ಇದೆಯಾ ಅಂತ.

ಪೇತ್ರ ಏನು ಹೇಳಬೇಕು? ಸಾಯುವವರೆಗೂ ನಿನ್ನ ಜೊತೆ ಇರ್ತೀನಿ ಅಂತ ಹಿಂದೊಮ್ಮೆ ಜಂಬದಿಂದ ಹೇಳಿ ಆಗಿದೆ. ತನ್ನ ಮಾತಿಗೆ ತನ್ನಲ್ಲೇ ಬೆಲೆ ಉಳಿದಿಲ್ಲ. ನೊಂದುಕೊಂಡು ಕೊನೆಗೆ ಹೇಳುತ್ತಾನೆ: "ಕರ್ತನೇ, ನಿನಗೆ ಎಲ್ಲಾ ಗೊತ್ತು. ನಿನ್ನ ಮೇಲೆ ನನಗೆ ಪ್ರೀತಿ ಇದೆ ಅನ್ನೋದೂ ನಿನಗೆ ಗೊತ್ತು."

ಇಲ್ಲಿ ನಾನು ಓದುವುದು ನಿಲ್ಲಿಸಿಬಿಟ್ಟೆ. ಆ ಅಂಗಳದ ರಾತ್ರಿ ಗೊತ್ತಿರುವವನ ಮುಂದೆಯೇ ಪೇತ್ರ ತನ್ನ ಪ್ರೀತಿಗೂ ಸಾಕ್ಷಿ ಕೇಳುತ್ತಿದ್ದಾನೆ! ಬೋರಲು ಹಾಕಿದ ಫೋನ್ ಕಂಡವನಿಗೆ, ಅಪ್ಪನ ಕಾಲು ಒತ್ತುತ್ತಾ ಕೂತ ರಾತ್ರಿಗಳೂ ಕಂಡಿವೆ ಅಂದ ಹಾಗಾಯ್ತು. ಜನ ಎರಡನೆಯದನ್ನು ಮಾತ್ರ ನೋಡಿ ಹೊಗಳಿದರು. ನಾನು ಮೊದಲನೆಯದನ್ನು ಮಾತ್ರ ನೋಡಿ ನನ್ನನ್ನೇ ಬೈದುಕೊಂಡೆ. ನಮ್ಮ ಹೃದಯವೇ ನಮ್ಮನ್ನು ತಪ್ಪಿತಸ್ಥರು ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಆತನಿಗೆ ಎಲ್ಲವೂ ಗೊತ್ತು ಅಂತ ಯೋಹಾನನ ಮೊದಲ ಪತ್ರಿಕೆಯಲ್ಲಿದೆ. ಎಷ್ಟು ಸಲ ಓದಿದ್ದೆನೋ. ಎದೆಗೆ ಇಳಿದದ್ದು ಆವತ್ತು.

ಹಾಗಂತ ತಪ್ಪು ತಪ್ಪಲ್ಲ ಅಂತ ಆಗಲಿಲ್ಲ. ಎಲ್ಲಾ ಗೊತ್ತಿರುವವನಿಗೆ ಮತ್ತೆ ಹೇಳೋದು ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ನೀವು ಕೇಳುವ ಮೊದಲೇ ನಿಮಗೇನು ಬೇಕೋ ನಿಮ್ಮ ತಂದೆಗೆ ಗೊತ್ತು ಅಂದ ಯೇಸು, ಅದರ ಬೆನ್ನಿಗೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ ಕಲಿಸಿದ. ಗೊತ್ತಿರುವವನ ಹತ್ತಿರವೇ ಅಲ್ವಾ ಬಾಯಿ ಬಿಡೋಕೆ ಆಗೋದು?

ಆವತ್ತು ರಾತ್ರಿ ಮಂಚದ ಪಕ್ಕ ಮೊಣಕಾಲೂರಿದೆ. ಸುತ್ತಿಬಳಸುವ ಮಾತು ಒಂದೂ ಬರಲಿಲ್ಲ. "ಅಪ್ಪ ಫೋನ್ ಮಾಡಿದ್ದರು. ನಾನು ತೆಗೀಲಿಲ್ಲ" ಅಂದೆ. ಅಪ್ಪ ಹೋದ ಮೇಲೆ ಮೊದಲ ಸಲ ಬಿಕ್ಕಿಬಿಕ್ಕಿ ಅತ್ತೆ.