ಶಿಕಾಗೋದ ನೆಲಮಾಳಿಗೆಯಲ್ಲಿ ರಾಯರು ಮತ್ತು ನಾನು

ನಾವು ಹುಡುಕುತ್ತಿದ್ದ ಜಾಗ ಬಂತು ಎಂದು ಫೋನ್ ಹೇಳಿತು. ಎದುರಿಗೆ ನಾಲ್ಕು ದೊಡ್ಡ ಕಸದ ಡಬ್ಬಿಗಳಿದ್ದವು. ಪಕ್ಕದಲ್ಲಿ ಒಂದು ಲಾರಿ ಕುಯ್ಯೋ ಎಂದು ರಿವರ್ಸ್ ಬರುತ್ತಿತ್ತು. ಪಿಜ್ಜಾ ಅಂಗಡಿ ಮಾತ್ರ ಇಲ್ಲ.

"ಇಲ್ಲೇ ಅದ ಅಂತ ತೋರಸ್ತದ ನೋಡ್ರಿ" ಎಂದರು ರಾಯರು, ಫೋನನ್ನು ಅಲ್ಲಾಡಿಸುತ್ತಾ. ಥರ್ಮಾಮೀಟರ್ ಕೊಡವಿದ ಹಾಗೆ.

ರಾಯರು ಧಾರವಾಡದವರು, ನನ್ನ ಸಹೋದ್ಯೋಗಿ, ಏಕಾದಶಿ ತಪ್ಪಿಸದ ಮನುಷ್ಯ. ಕಂಪನಿ ನಮ್ಮಿಬ್ಬರನ್ನೂ ಸಮ್ಮೇಳನಕ್ಕೆಂದು ಶಿಕಾಗೋಗೆ ಕಳಿಸಿತ್ತು. ವ್ಯಾಕರ್ ಡ್ರೈವ್ ಎಂಬ ರಸ್ತೆಯಲ್ಲಿ, ನದಿ ಪಕ್ಕದಲ್ಲೇ ಹೋಟೆಲ್. ಮಧ್ಯಾಹ್ನ ಎಲ್ಲರಿಗೂ ಊಟದ ಡಬ್ಬಿ ಕೊಟ್ಟರು. ಸಸ್ಯಾಹಾರಿ ಎಂದು ಬರೆದುಕೊಟ್ಟಿದ್ದ ನಮಗೆ ಬ್ರೆಡ್ಡಿನ ನಡುವಿನ ಮಾಂಸ ತೆಗೆದು, ಉಳಿದ ಸೊಪ್ಪನ್ನು ಹಾಗೇ ಬಿಟ್ಟಿದ್ದರು. ರಾಯರು ತೆರೆದು ನೋಡಿ ನಿಟ್ಟುಸಿರು ಬಿಟ್ಟರು. "ನಮ್ಮ ಕಡೆ ಎಲಿ ಮ್ಯಾಲೆ ಊಟ ಹಾಕ್ತಾರ. ಇವರು ಎಲೀನ ಊಟ ಮಾಡ್ಯಾರ."

ಹಾಗಾಗಿ ಸಂಜೆ ಐದಕ್ಕೇ ಪಿಜ್ಜಾ ಹುಡುಕಿಕೊಂಡು ಹೊರಟೆವು. ಫೋನಿನ ಪ್ರಕಾರ ಆರೇ ನಿಮಿಷದ ನಡಿಗೆ. ಸೇತುವೆ ಹತ್ತಿರ ಕೆಳಗಿಳಿಯುವ ಮೆಟ್ಟಿಲು ಕಂಡಿತು. ರಾಯರಿಗೆ ಮೆಟ್ಟಿಲು ಕಂಡರೆ ಅದು ಅಡ್ಡದಾರಿಯೇ ಸರಿ.

ಈ ವ್ಯಾಕರ್ ಡ್ರೈವ್ ಮಹಡಿ ಇರುವ ರಸ್ತೆ ಅಂತ ನಮಗೆ ಯಾರೂ ಹೇಳಿರಲಿಲ್ಲ. 1926ರಲ್ಲೇ ಹೀಗೆ ಕಟ್ಟಿದ್ದಾರೆ. ಮೇಲಿನದು ಜನಕ್ಕೆ, ಅಂದಕ್ಕೆ. ಕೆಳಗಿನದು ಸಾಮಾನು ಇಳಿಸುವ ಲಾರಿಗಳಿಗೆ. ಕೆಲವು ಕಡೆ ಅದರ ಕೆಳಗೂ ಇನ್ನೊಂದು ರಸ್ತೆ ಇದೆ. ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವಾಗ ನಾವು ಫ್ಲೈಓವರ್ ಮೇಲಿದ್ದೀವೋ ಕೆಳಗಿದ್ದೀವೋ ಎಂದು ಫೋನಿಗೆ ತಿಳಿಯದೆ ಒದ್ದಾಡುತ್ತದಲ್ವಾ? ಇಲ್ಲಿ ಊರಿನ ನಡುಭಾಗದಲ್ಲೆಲ್ಲ ಅದೇ ಪಾಡು. ಪಿಜ್ಜಾ ಅಂಗಡಿ ನಮ್ಮ ತಲೆಯ ಮೇಲೇ ಇತ್ತು. ಸರಿಯಾಗಿ ನೆತ್ತಿಗೆ.

ಮೆಟ್ಟಿಲು ಹುಡುಕುತ್ತಾ ಅಲೆದೆವು. ಕೆಳಗಿನ ಮಿಷಿಗನ್ ಅವೆನ್ಯೂನಲ್ಲಿ ಒಂದು ಬೋರ್ಡು ಕಂಡಿತು: ಬಿಲ್ಲಿ ಗೋಟ್ ಟ್ಯಾವರ್ನ್. 'ಗೋಟ್' ಎಂದು ಓದಿದ್ದೇ ತಡ, ರಾಯರು ಎರಡು ಹೆಜ್ಜೆ ಹಿಂದೆ ಸರಿದರು. ಅಲ್ಲಿ ಆಡಿನ ಮಾಂಸವೇನೂ ಇಲ್ಲ, ಹೆಸರಾಗಿರೋದು ಚೀಸ್‌ಬರ್ಗರ್‌ಗೆ ಎಂದು ನಾನು ಸಮಾಧಾನ ಹೇಳಿದೆ. ಅದು ಯಾವುದರ ಮಾಂಸ ಎಂದು ಹೇಳಲು ಹೋಗಲಿಲ್ಲ. ಬದಲಿಗೆ ಆಡಿನ ಕಥೆ ಹೇಳಿದೆ. 1945ರಲ್ಲಿ ಇದರ ಮಾಲೀಕ ತನ್ನ ಆಡನ್ನು ಕರೆದುಕೊಂಡು ಬೇಸ್‌ಬಾಲ್ ಆಟಕ್ಕೆ ಹೋದನಂತೆ. ಆಡನ್ನು ಹೊರಗೆ ಹಾಕಿದರಂತೆ. ಸಿಟ್ಟಿನಲ್ಲಿ ಆತ ಊರಿನ ಕಬ್ಸ್ ತಂಡಕ್ಕೆ ಶಾಪ ಹಾಕಿದನಂತೆ. ಶಾಪದ ಮಾತು ಹೇಗೋ ಏನೋ, ಕಬ್ಸ್ ಮುಂದೆ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್, ಆಡಿದ್ದು 2016ರಲ್ಲೇ. ಆವತ್ತು ಗೆದ್ದರು ಕೂಡ.

"ಮೂಕ ಪ್ರಾಣಿ ಶಾಪ ಸುಮ್ನ ಬಿಡೂದಿಲ್ರಿ" ಎಂದರು ರಾಯರು. ಬೋರ್ಡಿಗೆ ಒಂದು ನಮಸ್ಕಾರವೂ ಆಯಿತು.

ಆರು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡಿಯಿತು. ಒಳಗೆ ಕೂತ ಮೇಲೆ ಹುಡುಗಿ ಹೇಳಿದಳು, ಪಿಜ್ಜಾಗೆ ಇನ್ನು ನಲವತ್ತೈದು ನಿಮಿಷ. ಹೊಟ್ಟೆ ತಾಳ ಹಾಕುತ್ತಿತ್ತು. ಆ ಹಸಿವಿನಲ್ಲಿ ತಲಾ ಒಂದೊಂದು ಹೇಳಿಬಿಟ್ಟೆವು. ಹುಡುಗಿ "ಎರಡಾ?" ಎಂದು ಕೇಳಿದಳು. ರಾಯರು ಗಂಭೀರವಾಗಿ ಎರಡು ಬೆರಳು ತೋರಿಸಿದರು.

ಶಿಕಾಗೋದ ಡೀಪ್ ಡಿಶ್ ಪಿಜ್ಜಾ ಅಂದರೆ ನಮ್ಮೂರಿನ ತೆಳು ರೊಟ್ಟಿಯಂಥದ್ದಲ್ಲ. ಬಾಣಲೆಯಂಥ ಪಾತ್ರೆಯಲ್ಲಿ ಬಂತು. ಚೀಸ್ ಕೆಳಗೆ, ಟೊಮೆಟೊ ಮೇಲೆ. ಅಷ್ಟು ಹೊತ್ತು ಬೇಯುವಾಗ ಚೀಸ್ ಸೀದುಹೋಗದಿರಲಿ ಅಂತ ಹಾಗೆ. ಒಂದು ತುಂಡಿಗೆ ನಾನು ನೀರು ಕೇಳಿದೆ. ಎರಡನೆಯದಕ್ಕೆ ರಾಯರು ಬೆಲ್ಟ್ ಸಡಿಲಿಸಿದರು. ಉಳಿದದ್ದು ಎರಡು ಡಬ್ಬಿ ತುಂಬಾ. ಅನ್ನ ಚೆಲ್ಲಬಾರದು ಎಂದು ರಾಯರು ಎರಡನ್ನೂ ತಮ್ಮ ರೂಮಿಗೆ ಒಯ್ದರು.

ಮರುದಿನ ಆರ್ಟ್ ಇನ್‌ಸ್ಟಿಟ್ಯೂಟ್ ನೋಡಲು ಹೋದೆವು. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಇಲ್ಲೇ. ಟಿಕೆಟ್ ದರ ನೋಡಿ ರಾಯರು ಒಳಗಿನ ದರ್ಶನ ಬಿಟ್ಟುಕೊಟ್ಟರು. ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳಿವೆ. ಒಂದರ ಮುಂದೆ ಕೈಕಟ್ಟಿ, ಗಲ್ಲ ಎತ್ತಿ, ಸ್ವಾಮೀಜಿ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡರು. 'ವಿವೇಕಾನಂದರು ಕಂಡ ಸಿಂಹ' ಎಂದು ಬರೆದು ಮನೆಯ ಗುಂಪಿಗೆ ಕಳಿಸಿದರು. ನಲವತ್ತು ಜನ ಕೈಮುಗಿದರು. ಸಿಂಹಗಳು ಅಲ್ಲಿಗೆ ಬಂದದ್ದು 1894ರಲ್ಲಿ ಎಂದು ನಾನು ರಾತ್ರಿ ಓದಿದೆ. ಹೇಳಲಿಲ್ಲ. ನಲವತ್ತು ನಮಸ್ಕಾರ ವಾಪಸ್ ಪಡೆಯೋದು ಹೇಗೆ?

ಹೊರಡುವ ಬೆಳಿಗ್ಗೆ ರಾಯರ ಬಿಲ್ ಬಂತು. ವಿಸ್ಕಿ ಎರಡು, ಬಿಯರ್ ನಾಲ್ಕು, ವೈನ್ ಒಂದು, ಚಾಕಲೇಟ್ ಒಂದು. ರಾಯರ ಮುಖ ಬಿಳಿಚಿಕೊಂಡಿತು. "ಅಕೌಂಟ್ಸ್‌ನವರು ಏನ ತಿಳ್ಕೊಂಡಾರು! ನಮ್ಮ ಮನ್ಯಾಗ ಗೊತ್ತಾದ್ರ?"

ವಿಚಾರಿಸಿದರೆ ವಿಷಯ ಇಷ್ಟೇ. ಪಿಜ್ಜಾ ಡಬ್ಬಿ ಇಡಲು ರಾಯರು ಫ್ರಿಜ್‌ನಲ್ಲಿದ್ದ ಬಾಟಲಿಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು. ಆ ಫ್ರಿಜ್‌ಗೆ ಸೆನ್ಸರ್. ಬಾಟಲಿ ಜಾಗ ಬಿಟ್ಟು ಕದಲಿದರೆ ಕುಡಿದ ಲೆಕ್ಕ. ಕೌಂಟರಿನ ಹುಡುಗ ಒಬ್ಬನನ್ನು ಮೇಲೆ ಕಳಿಸಿ ನೋಡಿಸಿದ, ನಕ್ಕ, ಒಂದೊಂದನ್ನೇ ಹೊಡೆದುಹಾಕಿದ. ಚಾಕಲೇಟ್ ಮಾತ್ರ ಬಿಲ್ಲಿನಲ್ಲಿ ಉಳಿಯಿತು. ಅದರ ಬಗ್ಗೆ ರಾಯರು ಚಕಾರ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಏರ್‌ಪೋರ್ಟಿಗೆ ಹೊರಟ ಟ್ಯಾಕ್ಸಿ ಟ್ರಾಫಿಕ್ ತಪ್ಪಿಸಲು ಕೆಳಗಿನ ರಸ್ತೆಗೆ ಇಳಿಯಿತು. ಕಂಬಗಳು, ಹಳದಿ ದೀಪ, ಲಾರಿಗಳು. ರಾಯರು ಥಟ್ಟನೆ ಕಿಟಕಿಗೆ ಮುಖ ಅಂಟಿಸಿ ಕೂಗಿದರು. "ಅಲ್ನೋಡ್ರಿ, ಅಲ್ನೋಡ್ರಿ! ನಮ್ಮ ಕಸದ ಡಬ್ಬಿ!"