ರಾಜಕೀಯ ಕೊಲೆಯಾದ ದಿನ ‘ಶಾಂತವಾಗಿರಿ’ ಅನ್ನಬೇಕೇ?

ಒಬ್ಬ ನಾಯಕನ ಮೇಲೆ ಗುಂಡು ಹಾರಿದೆ. ದೇಶ ಮೊದಲೇ ಎರಡು ಪಾಲಾಗಿದೆ. ಎಲ್ಲರ ಫೋನಿನಲ್ಲೂ ಅದೇ ವಿಡಿಯೊ ಓಡುತ್ತಿದೆ. ಆ ಹೊತ್ತಿನಲ್ಲಿ ಜವಾಬ್ದಾರಿ ಹೊತ್ತವರ ಮೊದಲ ಮಾತು ‘ಶಾಂತವಾಗಿರಿ’ ಎಂದೇ ಇರಬೇಕೇ? ಇಲ್ಲಿ ಎರಡೂ ವಾದವನ್ನು ಬರೆದಿರುವವನು ನಾನೇ. ಎರಡೂ ನನ್ನೊಳಗೆ ಬಹಳ ದಿನದಿಂದ ಜಗಳವಾಡುತ್ತಿವೆ. ಒಂದನ್ನು ಗೆಲ್ಲಿಸಲಿಕ್ಕೆ ಇನ್ನೊಂದನ್ನು ಸೊರಗಿಸಿ ಬರೆದಿಲ್ಲ.

ಪರ: ಮೊದಲ ಮಾತು ಸಮಾಧಾನದ್ದೇ ಆಗಬೇಕು

1993ರ ಏಪ್ರಿಲ್ 10. ಈಸ್ಟರ್ ಹಬ್ಬದ ಹಿಂದಿನ ದಿನ. ದಕ್ಷಿಣ ಆಫ್ರಿಕಾದ ಬಾಕ್ಸ್‌ಬರ್ಗ್‌ನಲ್ಲಿ ಕ್ರಿಸ್ ಹಾನಿ ಬೆಳಗ್ಗೆ ಪೇಪರ್ ತರಲು ಹೋಗಿದ್ದರು. ಅಂಗರಕ್ಷಕರಿಗೆ ಅವತ್ತು ರಜೆ ಕೊಟ್ಟಿದ್ದರು. ವಾಪಸ್ ಬಂದು ಮನೆ ಮುಂದೆ ಕಾರಿನಿಂದ ಇಳಿದರು. ಹಿಂದಿನಿಂದ ಯಾರೋ ‘ಮಿಸ್ಟರ್ ಹಾನಿ’ ಎಂದು ಕರೆದರು. ತಿರುಗಿದರು. ಗುಂಡು ಹಾರಿತು. ಹದಿನೈದು ವರ್ಷದ ಮಗಳು ಮನೆಯಲ್ಲೇ ಇದ್ದಳು.

ಹಾನಿ ಸಾಮಾನ್ಯ ಮನುಷ್ಯರಲ್ಲ. ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ. ಕಪ್ಪು ಜನರ ಕೇರಿಗಳಲ್ಲಿ ಯುವಕರು ಮಂಡೇಲಾ ಬಿಟ್ಟರೆ ಇವರ ಮಾತನ್ನೇ ಕೇಳುತ್ತಿದ್ದರು. ವರ್ಣಭೇದ ಮುಗಿಸುವ ಮಾತುಕತೆ ಮುಗ್ಗರಿಸುತ್ತಾ ಸಾಗುತ್ತಿದ್ದ ಕಾಲ ಅದು. ಎಲ್ಲರೂ ಮತ ಹಾಕುವ ಚುನಾವಣೆಗೆ ಇನ್ನೂ ದಿನ ಗೊತ್ತಾಗಿರಲಿಲ್ಲ. ಕೊಂದವನು ಪೋಲೆಂಡಿನಿಂದ ಬಂದು ನೆಲೆಸಿದ್ದ ಬಿಳಿಯ. ಅವನ ಕೈಗೆ ಪಿಸ್ತೂಲು ಸೇರಿಸಿದವನು ಬಿಳಿಯರ ಕನ್ಸರ್ವೇಟಿವ್ ಪಕ್ಷದ ರಾಜಕಾರಣಿ. ಊರೂರಿಗೆ ಬೆಂಕಿ ಬೀಳಲಿ, ಮಾತುಕತೆ ಮುರಿದುಬೀಳಲಿ ಅನ್ನುವುದೇ ಅವರ ಲೆಕ್ಕವಾಗಿತ್ತು.

ಅದೇ ಬೀದಿಯಲ್ಲಿದ್ದ ಒಬ್ಬ ಹೆಂಗಸು ಕೊಲೆಗಾರನ ಕಾರಿನ ನಂಬರ್ ನೋಡಿಕೊಂಡು ಪೊಲೀಸರಿಗೆ ಫೋನ್ ಮಾಡಿದರು. ಅವರೂ ಬಿಳಿಯರೇ, ಡಚ್ ಮೂಲದ ಆಫ್ರಿಕಾನರ್ ಜನ. ಸ್ವಲ್ಪ ಹೊತ್ತಿನಲ್ಲೇ ಅವನು ಸಿಕ್ಕಿಬಿದ್ದ.

ಕೊಲೆಯ ಬೆನ್ನಲ್ಲೇ ಟಿವಿಯಲ್ಲಿ ದೇಶದೊಂದಿಗೆ ಮಾತಾಡಿದವರು ಮಂಡೇಲಾ. ಅವರಿನ್ನೂ ಅಧ್ಯಕ್ಷರಾಗಿರಲಿಲ್ಲ. ದ್ವೇಷ ತುಂಬಿದ ಒಬ್ಬ ಬಿಳಿಯ ಈ ಹೀನ ಕೆಲಸ ಮಾಡಿದ್ದಾನೆ ಎಂದರು. ಅದನ್ನು ಮುಚ್ಚಿಡಲಿಲ್ಲ. ಅದರ ಹಿಂದೆಯೇ, ಒಬ್ಬ ಬಿಳಿಯ ಹೆಂಗಸು ಜೀವದ ಹಂಗು ತೊರೆದು ಕೊಲೆಗಾರನನ್ನು ಹಿಡಿಸಿಕೊಟ್ಟಿದ್ದಾರೆ ಎಂದರು. ಈ ಎರಡು ಮಾತು ಅಕ್ಕಪಕ್ಕ ಕೂತಾಗ ಏನಾಯಿತು ನೋಡಿ. ‘ಬಿಳಿಯರು ಕೊಂದರು’ ಅನ್ನುವ ಮಾತಿಗೆ ಜಾಗವೇ ಉಳಿಯಲಿಲ್ಲ. ಆ ವಾರ ಗಲಭೆ ಆಗಲಿಲ್ಲ ಅಂತಲ್ಲ. ಆಯಿತು, ಹಲವರು ಸತ್ತರು. ಆದರೆ ಕೊಲೆಗಾರರು ಬಯಸಿದ್ದ ಅಂತರ್ಯುದ್ಧ ಆಗಲಿಲ್ಲ.

ಹಿಂಸೆ ಮಾಡುವವನಿಗೆ ಒಂದು ಹೆಣ ಸಾಲದು. ಅವನಿಗೆ ನಮ್ಮ ಸಿಟ್ಟು ಬೇಕು. ನಾವು ಪಕ್ಕದ ಮನೆಯವರ ಮೇಲೆ ಕೈ ಎತ್ತಿದರೆ ಅವನ ಕೆಲಸ ಪೂರ್ತಿಯಾದ ಹಾಗೆ. ಶಾಂತವಾಗಿರುವುದು ಅಂದರೆ ಅವನ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುವುದು.

ಮೊದಲ ಮಾತು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1984ರ ದೆಹಲಿ ಇದೆ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಕೊಂದವರು ಅವರದೇ ಇಬ್ಬರು ಸಿಖ್ ಅಂಗರಕ್ಷಕರು. ಸೇಡು ತೀರಿಸಿಕೊಂಡದ್ದು ಒಂದಿಡೀ ಸಮುದಾಯದ ಮೇಲೆ. ದೆಹಲಿ ಒಂದರಲ್ಲೇ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಸಿಖ್ಖರ ಹೆಣ 2,733. ಸತ್ತವರಲ್ಲಿ ಹೆಚ್ಚಿನವರಿಗೆ ಆ ಕೊಲೆಯ ಸುದ್ದಿ ಗೊತ್ತಾಗಿದ್ದೂ ರೇಡಿಯೊದಿಂದಲೋ ಬಾಯಿಂದ ಬಾಯಿಗೋ ಇರಬೇಕು, ಬೇರೆಲ್ಲರ ಹಾಗೆ. ನವೆಂಬರ್ 19ರಂದು ಹೊಸ ಪ್ರಧಾನಿ ರಾಜೀವ್ ಗಾಂಧಿ, ದೊಡ್ಡ ಮರ ಉರುಳಿದಾಗ ನೆಲ ಸ್ವಲ್ಪ ನಡುಗುವುದು ಸಹಜ ಎಂಬರ್ಥದ ಮಾತಾಡಿದರು. ತಾಯಿಯನ್ನು ಕಳೆದುಕೊಂಡ ಮಗನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಒಂದು ವಾಕ್ಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಚುಚ್ಚುತ್ತಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರಲ್ಲ, ಹಾಗೆ.

ಇನ್ನೊಂದು ಕಾರಣ ಬಹಳ ಸರಳ. ಮೊದಲ ಗಂಟೆಗಳಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. 2025ರ ಸೆಪ್ಟೆಂಬರ್ 10ರಂದು ಅಮೆರಿಕದ ಯೂಟಾದಲ್ಲಿ, ಒಂದು ಕಾಲೇಜಿನ ಅಂಗಳದಲ್ಲಿ ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದರು. ಅವತ್ತು ಪೊಲೀಸರು ಹಿಡಿದವರನ್ನು ವಿಚಾರಿಸಿ ಬಿಟ್ಟುಬಿಡಬೇಕಾಯಿತು. ಆರೋಪಿ ಸಿಗಲು ಒಂದೂವರೆ ದಿನ ಹಿಡಿಯಿತು. ಅಷ್ಟರಲ್ಲಿ ಕೊಂದವರು ಯಾವ ಕಡೆಯವರು, ಯಾರ ಮೇಲೆ ಸೇಡು ತೀರಿಸಬೇಕು ಎಂದು ಜಾಲತಾಣಗಳಲ್ಲಿ ತೀರ್ಪು ಬರೆದಾಗಿತ್ತು. ಅದೇ ವರ್ಷ ಜೂನ್ 14ರಂದು ಮಿನೆಸೋಟಾದಲ್ಲಿ ಮೆಲಿಸಾ ಹಾರ್ಟ್‌ಮನ್ ಎಂಬ ಡೆಮಾಕ್ರಟಿಕ್ ಶಾಸಕಿಯನ್ನೂ ಅವರ ಗಂಡನನ್ನೂ ಮನೆಯಲ್ಲೇ ಕೊಂದಿದ್ದರು. ಹಿಂಸೆ ಒಂದೇ ಕಡೆಯ ಸ್ವತ್ತಲ್ಲ ಅನ್ನುವುದು ಕಣ್ಣ ಮುಂದೆಯೇ ಇತ್ತು.

ಅಮೆರಿಕದಲ್ಲೇ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಎದುರು ಪಕ್ಷದವರು ಹಿಂಸೆಯನ್ನು ಎಷ್ಟು ಬೆಂಬಲಿಸುತ್ತಾರೆ ಎಂದು ಕೇಳಿದರೆ, ಎರಡೂ ಪಕ್ಷದವರು ನಿಜಕ್ಕಿಂತ ತುಂಬಾ ಜಾಸ್ತಿ ಹೇಳಿದರು. ನಿಜವಾದ ಅಂಕಿ ತೋರಿಸಿದಾಗ ಅವರಲ್ಲೇ ಹಿಂಸೆಯ ಕಡೆಗಿದ್ದ ಒಲವು ತಗ್ಗಿತು. ಅಂದರೆ ಎದುರಿನವನು ಹೊಡೆದಾನು ಅನ್ನುವ ಭಯವೇ ನಮ್ಮ ಕೈಗೆ ದೊಣ್ಣೆ ಕೊಡುತ್ತದೆ. ‘ಅವರೂ ನಮ್ಮ ಹಾಗೆ ಬೆಚ್ಚಿದ್ದಾರೆ’ ಎಂದು ಯಾರಾದರೂ ನಂಬಿಕೆಯಿರುವವರು ಹೇಳಿದರೆ ಆ ದೊಣ್ಣೆ ಕೆಳಗಿಳಿಯುತ್ತದೆ.

ಹೇಳುವವರು ನೋವು ತಿಂದವರಾಗಿದ್ದರೆ ಮಾತಿಗೆ ತೂಕ ಬರುತ್ತದೆ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ರಾತ್ರಿ, ಗುಂಡಿಗೆ ಬಲಿಯಾಗಿದ್ದ ಅಧ್ಯಕ್ಷ ಜಾನ್ ಕೆನಡಿಯವರ ತಮ್ಮ ರಾಬರ್ಟ್ ಕೆನಡಿ ಇಂಡಿಯಾನಾಪೊಲಿಸ್‌ನ ಕಪ್ಪು ಜನರ ಬಡಾವಣೆಯಲ್ಲಿ ಒಂದು ಲಾರಿಯ ಮೇಲೆ ನಿಂತಿದ್ದರು. ಹೋಗಬೇಡಿ ಎಂದು ಪೊಲೀಸರು ಹೇಳಿದ್ದರು. ಸೇರಿದ್ದ ಎಷ್ಟೋ ಜನಕ್ಕೆ ಸಾವಿನ ಸುದ್ದಿಯೇ ಗೊತ್ತಿರಲಿಲ್ಲ. ಅದನ್ನು ಇವರೇ ಹೇಳಿದರು. ನನ್ನ ಅಣ್ಣನನ್ನೂ ಕೊಂದರು, ಕೊಂದವನು ಬಿಳಿಯನೇ ಎಂದರು. ಆ ವಾರ ಅಮೆರಿಕದ ನೂರಕ್ಕೂ ಹೆಚ್ಚು ನಗರಗಳು ಹೊತ್ತಿ ಉರಿದವು. ಇಂಡಿಯಾನಾಪೊಲಿಸ್ ಉರಿಯಲಿಲ್ಲ. ಎರಡು ತಿಂಗಳಲ್ಲಿ ಕೆನಡಿಯವರೂ ಗುಂಡಿಗೆ ಬಲಿಯಾದರು.

ವಿರೋಧ: ‘ಶಾಂತವಾಗಿರಿ’ ಅನ್ನುವುದು ಸುಲಭ, ಕೇಳಿಸಿಕೊಳ್ಳುವವರು ಯಾರು?

ಮೇಲಿನದೆಲ್ಲ ನಿಜ. ಆದರೂ ಆ ಮಾತು ಕೇಳಿದಾಗಲೆಲ್ಲ ನನಗೊಂದು ಕಳವಳ. ಯಾರ ಮನೆಯಲ್ಲಿ ಹೆಣ ಬಿದ್ದಿದೆಯೋ ಅವರಿಗೇ ಸಮಾಧಾನದ ಪಾಠ ನಡೆಯುತ್ತದೆ. ಆ ಹೆಣ ಬೀಳುವ ತನಕ ವರ್ಷಗಟ್ಟಲೆ ವಿಷ ಕಾರಿದವರಿಗೆ ಯಾರೂ ಏನೂ ಹೇಳುವುದಿಲ್ಲ. ಅವರೂ ಎರಡು ದಿನ ಸುಮ್ನೆ ಇದ್ದು ‘ಈಗ ರಾಜಕೀಯ ಮಾತಾಡುವ ಹೊತ್ತಲ್ಲ’ ಅಂತಾರೆ. ಹಾಗಾದರೆ ಯಾವಾಗ?

ಇಟಲಿಯಲ್ಲಿ ನಡೆದದ್ದನ್ನು ನೋಡೋಣ. 1924ರ ಮೇ 30ರಂದು ಜಾಕೊಮೊ ಮಾತ್ತೆಯೊತ್ತಿ ಎಂಬ ಸಮಾಜವಾದಿ ಸಂಸದ ಸದನದಲ್ಲಿ ಎದ್ದು ನಿಂತರು. ಚುನಾವಣೆ ಬೆದರಿಕೆಯಿಂದ ಗೆದ್ದದ್ದು ಎಂದು ಫ್ಯಾಸಿಸ್ಟರ ಕೂಗಾಟದ ನಡುವೆಯೇ ಹೇಳಿದರು. ಜೂನ್ 10ರಂದು ರೋಮ್‌ನಲ್ಲಿ ನದಿ ಪಕ್ಕದ ರಸ್ತೆಯಿಂದ ಅವರನ್ನು ಕಾರಿಗೆ ಎಳೆದುಕೊಂಡು ಹೋದರು. ಹೆಣ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಊರಾಚೆ ಕಾಡಿನಲ್ಲಿ. ದೇಶ ಕುದಿಯುತ್ತಿತ್ತು. ಮುಸೊಲಿನಿಯ ಕುರ್ಚಿ ಅಲ್ಲಾಡುತ್ತಿತ್ತು.

ವಿರೋಧ ಪಕ್ಷಗಳು ಏನು ಮಾಡಿದವು? ಘನತೆಯಿಂದ ಸದನ ಬಿಟ್ಟು ಹೊರಬಂದವು. ಬೀದಿಗಿಳಿಯುವುದು ಬೇಡ, ರಾಜ ಮಧ್ಯೆ ಬರುತ್ತಾನೆ, ಕಾನೂನು ತನ್ನ ಕೆಲಸ ಮಾಡುತ್ತದೆ ಎಂದು ಕಾದವು. ಜೂನ್ ಹೋಯಿತು, ಬೇಸಿಗೆ ಮುಗಿಯಿತು, ವರ್ಷ ಮುಗಿಯಿತು. ರಾಜ ಕದಲಲಿಲ್ಲ. ಜನರ ಸಿಟ್ಟು ಆರಿತು. 1925ರ ಜನವರಿ 3ರಂದು ಮುಸೊಲಿನಿ ಅದೇ ಸದನದಲ್ಲಿ ನಿಂತು, ನಡೆದದ್ದಕ್ಕೆಲ್ಲ ನಾನೇ ಹೊಣೆ, ಏನು ಮಾಡುತ್ತೀರಿ ಎಂಬಂತೆ ಮಾತಾಡಿದ. ಯಾರೂ ಏನೂ ಮಾಡಲಿಲ್ಲ. ಸರ್ವಾಧಿಕಾರ ಶುರುವಾದದ್ದು ಅಲ್ಲಿಂದ. ಹೊರಬಂದಿದ್ದ ಆ ಸಂಸದರ ಸ್ಥಾನಗಳನ್ನೂ 1926ರಲ್ಲಿ ಕಿತ್ತುಕೊಂಡರು. ಅವರು ಹೇಡಿಗಳಾಗಿರಲಿಲ್ಲ, ಒಳ್ಳೆಯವರು. ಹಾಗಿದ್ದೇ ನನಗೆ ಜಾಸ್ತಿ ಸಂಕಟ.

ಕಾನೂನು ತನ್ನ ಕೆಲಸ ಮಾಡುತ್ತದೆ ಅನ್ನುವ ಭರವಸೆಯನ್ನೂ ಪರೀಕ್ಷೆ ಮಾಡಬೇಕಲ್ವಾ? ಮೊದಲ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಎಮಿಲ್ ಗುಂಬೆಲ್ ಎಂಬ ಗಣಿತದ ವಿದ್ವಾಂಸ ರಾಜಕೀಯ ಕೊಲೆಗಳನ್ನು ಒಂದೊಂದಾಗಿ ಎಣಿಸಿದರು. 1919ರಿಂದ 1922ರವರೆಗೆ ಬಲಪಂಥೀಯರು ಮಾಡಿದ ಕೊಲೆ 354. ಅದರಲ್ಲಿ 326ಕ್ಕೆ ಶಿಕ್ಷೆಯೇ ಆಗಲಿಲ್ಲ. ಎಡದವರು ಮಾಡಿದ್ದು 22. ಅದರಲ್ಲಿ ಶಿಕ್ಷೆಯಾಗದೆ ಉಳಿದದ್ದು ನಾಲ್ಕು. 1923ರಲ್ಲಿ ಸರ್ಕಾರ ಉರುಳಿಸಲು ಹೋದ ಹಿಟ್ಲರ್‌ಗೆ ಐದು ವರ್ಷ ಸೆರೆ ವಿಧಿಸಿ ಒಂದು ವರ್ಷದೊಳಗೇ ಹೊರಗೆ ಬಿಟ್ಟರು. ನ್ಯಾಯದ ತಕ್ಕಡಿ ಹೀಗೆ ವಾಲಿರುವಾಗ ಶಾಂತಿ ಕೇಳುವುದು ಅಂದರೆ ಕೊಲ್ಲುವವರಿಗೆ ಇನ್ನಷ್ಟು ಸಮಯ ಕೊಟ್ಟ ಹಾಗೆ.

ನಾರ್ವೆಯದು ಬೇರೆ ಕಥೆ, ಅದಕ್ಕೇ ನನ್ನನ್ನು ಹೆಚ್ಚು ಕಾಡುತ್ತದೆ. 2011ರ ಜುಲೈ 22ರಂದು ಓಸ್ಲೊದಲ್ಲಿ ಬಾಂಬ್, ಆಮೇಲೆ ಉಟೊಯಾ ದ್ವೀಪದಲ್ಲಿ ಲೇಬರ್ ಪಕ್ಷದ ಯುವಕರ ಶಿಬಿರದ ಮೇಲೆ ಗುಂಡಿನ ಮಳೆ. ಒಟ್ಟು 77 ಸಾವು. ಉಟೊಯಾದಲ್ಲಿ ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದ ಮಕ್ಕಳು. ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್ ಇನ್ನಷ್ಟು ಪ್ರಜಾಪ್ರಭುತ್ವ, ಇನ್ನಷ್ಟು ಮುಕ್ತತೆಯೇ ನಮ್ಮ ಉತ್ತರ ಎಂದರು. ಜನ ಗುಲಾಬಿ ಹಿಡಿದು ಬೀದಿಗೆ ಬಂದರು. ಕೊಲೆಗಾರನ ವಿಚಾರಣೆ ಮಾಮೂಲಿ ಕೋರ್ಟಿನಲ್ಲೇ ನಡೆಯಿತು. ಜಗತ್ತು ಹೊಗಳಿತು. ನಾನೂ ಹೊಗಳಿದೆ.

ಆದರೆ ಬದುಕಿ ಉಳಿದ ಆ ಹುಡುಗ ಹುಡುಗಿಯರು ಮುಂದಿನ ವರ್ಷಗಳಲ್ಲಿ ಹೇಳಿದ್ದು ಬೇರೆ. ಕೊಲೆಗಾರ ತಮ್ಮನ್ನು ಆರಿಸಿದ್ದು ತಮ್ಮ ರಾಜಕೀಯಕ್ಕಾಗಿ, ಅವನ ತಲೆಯಲ್ಲಿದ್ದ ವಿಚಾರ ಇನ್ನೂ ಹೊರಗೆ ಓಡಾಡುತ್ತಿದೆ ಎಂದು ಅವರು ಬಾಯಿ ಬಿಟ್ಟರೆ, ಜುಲೈ 22ನ್ನು ರಾಜಕೀಯ ದಾಳ ಮಾಡಿಕೊಳ್ಳುತ್ತಿದ್ದೀರಿ ಎಂಬ ಮಾತು ಕೇಳಬೇಕಾಯಿತು. ದ್ವೇಷದ ಪತ್ರಗಳೂ ಬಂದವು. ದೇಶ ಶಾಂತವಾಗಿತ್ತು, ನಿಜ. ಆ ಶಾಂತಿಯ ಬೆಲೆ ತೆತ್ತವರು ಗುಂಡೇಟು ತಿಂದವರೇ. ಮೇಲೆ ಬೂದಿ, ಒಳಗೆ ಕೆಂಡ.

ಕೆಲವು ಸಲ ನೋವನ್ನು ಮುಚ್ಚದೆ ತೋರಿಸುವುದೇ ಸರಿ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಹೊಡೆದು ಕೊಂದು ನದಿಗೆ ಎಸೆದರು. ಮುಖ ಗುರುತು ಸಿಗದಷ್ಟು ಕೆಟ್ಟಿತ್ತು. ತಾಯಿ ಮೇಮಿ ಟಿಲ್ ಶಿಕಾಗೊದಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆದಿಡಿಸಿದರು. ಜಗತ್ತು ನೋಡಲಿ ಎಂದರು. ಸಾವಿರಾರು ಜನ ಸಾಲುಗಟ್ಟಿ ನೋಡಿದರು, ಪತ್ರಿಕೆಯಲ್ಲಿ ಚಿತ್ರ ಬಂತು. ಬರೀ ಬಿಳಿಯರೇ ಇದ್ದ ಜೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟಿತು. ಆದರೆ ಆ ಚಿತ್ರ ಒಂದು ಪೀಳಿಗೆಯನ್ನೇ ಚಳವಳಿಗೆ ಎಬ್ಬಿಸಿತು. ಆ ತಾಯಿ ಯಾರನ್ನೂ ಹೊಡೆಯಿರಿ ಅನ್ನಲಿಲ್ಲ. ಸುಮ್ಮನಿರಿ ಅಂತಲೂ ಅನ್ನಲಿಲ್ಲ.

ಇನ್ನು ಹಾನಿಯ ವಿಷಯಕ್ಕೆ ಬರುತ್ತೇನೆ. ಪರ ವಾದದಲ್ಲಿ ಅರ್ಧ ಕಥೆ ಬಿಟ್ಟುಹೋಗಿದೆ. ಟಿವಿಯ ಮಾತಿಗೇ ಎಲ್ಲವೂ ತಣ್ಣಗಾಗಲಿಲ್ಲ. ಏಪ್ರಿಲ್ 14ರಂದು ಲಕ್ಷಾಂತರ ಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ. ಮೆರವಣಿಗೆ ನಡೆದವು. ಸಂತಾಪ ಸಭೆಗಳಲ್ಲಿ ಯುವಕರು ಶಾಂತಿಯ ಮಾತಿಗೆ ಮಂಡೇಲಾ ಅವರನ್ನೇ ಕೂಗಿ ಅಡ್ಡಿ ಮಾಡಿದರು. ಅವರ ಪಕ್ಷ ಎಎನ್‌ಸಿ ಆ ಸಿಟ್ಟನ್ನು ಆರಿಸಲಿಲ್ಲ, ಹೊತ್ತುಕೊಂಡು ಹೋಗಿ ಮಾತುಕತೆಯ ಮೇಜಿನ ಮೇಲಿಟ್ಟಿತು. ಚುನಾವಣೆಯ ದಿನ ಹೇಳಿ, ಇನ್ನು ಕಾಯಲಾಗದು ಎಂದಿತು. ಬೀದಿಯಲ್ಲಿ ಅಷ್ಟು ಜನ ನಿಂತಿರದಿದ್ದರೆ ಆ ಮಾತು ಇನ್ನೊಂದು ಕೋರಿಕೆಯಾಗಿ ಕಡತ ಸೇರುತ್ತಿತ್ತು ಎಂದೇ ನನ್ನ ನಂಬಿಕೆ.

ಜೂನ್ ಶುರುವಿನಲ್ಲಿ ದಿನ ಗೊತ್ತಾಯಿತು. 1994ರ ಏಪ್ರಿಲ್ 27. ಅವತ್ತು ಮತಗಟ್ಟೆಗಳ ಮುಂದೆ ಕಿಲೋಮೀಟರ್‌ಗಟ್ಟಲೆ ಸಾಲು ಇತ್ತು. ಜೀವನದಲ್ಲಿ ಒಮ್ಮೆಯೂ ಮತ ಹಾಕದ ಮುದುಕರು ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು ಕಾದರು.