ಗುಡ್‌ವಿಲ್ ಲೆಕ್ಕದಲ್ಲಿದೆ, ಸ್ಟೇಪ್ಲರ್ ರಿಸೆಪ್ಷನ್‌ನಲ್ಲಿದೆ

ದೊಡ್ಡ ತಂತ್ರಜ್ಞಾನ ಕಂಪನಿಗಳು ದಕ್ಷತೆಯ ಗೀಳಿನಲ್ಲಿ ಸದ್ಭಾವನೆಯ, ಅಂದರೆ ಗುಡ್‌ವಿಲ್‌ನ, ಬೆಲೆಯನ್ನೇ ಮರೆತಿವೆ ಎಂದು ದೂರುವವರು ಅವುಗಳ ಬ್ಯಾಲೆನ್ಸ್ ಶೀಟನ್ನು ಒಮ್ಮೆಯೂ ಬಿಡಿಸಿ ನೋಡಿದವರಲ್ಲ. ಗೂಗಲ್‌ನ ಮಾತೃಸಂಸ್ಥೆಯಾದ ಆಲ್ಫಾಬೆಟ್, 2022ರ ಡಿಸೆಂಬರ್ 31ಕ್ಕೆ ತನ್ನಲ್ಲಿ ಸುಮಾರು 2,900 ಕೋಟಿ ಡಾಲರಿನ ಗುಡ್‌ವಿಲ್ ಇದೆಯೆಂದು ಲೆಕ್ಕ ಒಪ್ಪಿಸಿದೆ. ಇಷ್ಟಾದ ಮೇಲೂ ಬೆಲೆ ಗೊತ್ತಿಲ್ಲವೆನ್ನಲು ಬಾಯಿ ಹೇಗೆ ಬರುತ್ತದೋ!

ತೊಡಕು ಇರುವುದು ಸಣ್ಣದೊಂದೇ. ಇನ್ನೊಂದು ಕಂಪನಿಯನ್ನು ಕೊಳ್ಳುವಾಗ ಅದರ ಲೆಕ್ಕಕ್ಕೆ ಸಿಗುವ ನಿವ್ವಳ ಆಸ್ತಿಗಿಂತ ಎಷ್ಟು ಹೆಚ್ಚು ಹಣ ತೆತ್ತರೋ ಅಷ್ಟು ಮಾತ್ರ ಗುಡ್‌ವಿಲ್. ಸ್ವಂತ ಅಂಗಳದಲ್ಲಿ ಇಪ್ಪತ್ತು ವರ್ಷ ನೀರೆರೆದು ಬೆಳೆಸಿದ ಸದ್ಭಾವನೆಗೆ ಆ ಸಾಲಿನಲ್ಲಿ ಜಾಗವಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅಲ್ಲಿ ಲೆಕ್ಕಶಾಸ್ತ್ರದ ನಿಯಮವೇ ಆಗಿಬಿಟ್ಟಿದೆ.

ಹಾಗಾಗಿ 2023ರ ಜನವರಿ 20ರಂದು ಗೂಗಲ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಸಾರಿದಾಗ ಗುಡ್‌ವಿಲ್ ಖಾತೆಯಿಂದ ಬಿಡಿಗಾಸೂ ಕರಗಲಿಲ್ಲ. ಅಮೆರಿಕದ ಉದ್ಯೋಗಿಗಳಿಗೆ ನಸುಕಿನ ಇಮೇಲ್ ಸುದ್ದಿ ಮುಟ್ಟಿಸಿತು. ಹದಿನಾರು ವರ್ಷ ದುಡಿದವರೊಬ್ಬರ ಪಾಲಿಗೆ, ತಂತಾನೇ ಮುಚ್ಚಿಕೊಂಡ ಆಫೀಸಿನ ಖಾತೆಯೇ ಹಾರ, ಶಾಲು, ಬೀಳ್ಕೊಡುಗೆ ಭಾಷಣ ಎಲ್ಲವೂ ಆಯಿತು. ಪರಿಹಾರಧನವನ್ನು ಧಾರಾಳವಾಗಿಯೇ ಕೊಟ್ಟರು, ಅದನ್ನು ಇಲ್ಲವೆನ್ನಬಾರದು. ಇದಕ್ಕೆಲ್ಲ ಪೂರ್ಣ ಹೊಣೆ ತಮ್ಮದೆಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಬರೆದರು. ಹೊಣೆ ಹೊತ್ತವರು ಒಳಗುಳಿದರು, ಹೊರದವರು ಹೊರಬಿದ್ದರು.

ಸಂಬಂಧಗಳನ್ನು ಪೋಷಿಸುವ ಕಲೆ ಇವರಿಗೆ ತಿಳಿಯದೆಂದೂ ಅಲ್ಲ. ಅದೇ ವಾರ 10,000 ಹುದ್ದೆಗಳ ಕಡಿತವನ್ನು ಪ್ರಕಟಿಸಿದ ಮೈಕ್ರೋಸಾಫ್ಟ್, ಹಿಂದಿನ ರಾತ್ರಿಯಷ್ಟೇ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಸುಮಾರು 50 ಮಂದಿ ಆಪ್ತೇಷ್ಟರಿಗಾಗಿ ಗಾಯಕ ಸ್ಟಿಂಗ್ ಅವರ ಸಂಗೀತ ಕಛೇರಿ ಏರ್ಪಡಿಸಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಫೇಸ್‌ಬುಕ್‌ನ ಮಾರ್ಕ್ ಜಕರ್‌ಬರ್ಗ್ ಅವರಂತೂ ಆ ಇಡೀ ವರ್ಷವನ್ನೇ ದಕ್ಷತೆಯ ವರ್ಷವೆಂದು ಕರೆದುಬಿಟ್ಟರು. ಪಂಚಾಂಗದ ಅರವತ್ತು ಸಂವತ್ಸರಗಳಲ್ಲಿ ಇಲ್ಲದ ಹೆಸರು.

ಆದರೆ ನನ್ನ ಮನಸ್ಸು ಗೆದ್ದದ್ದು ಆ ಏಪ್ರಿಲ್‌ನಲ್ಲಿ ವರದಿಯಾದ ಸ್ಟೇಪ್ಲರ್ ಪ್ರಸಂಗ. ಸಾವಿರಾರು ಕೋಟಿ ಡಾಲರ್ ಲಾಭ ತೆಗೆದ ಗೂಗಲ್ ಮಿತವ್ಯಯಕ್ಕಿಳಿದು, ಪ್ರಿಂಟರ್‌ಗಳ ಪಕ್ಕದಲ್ಲಿದ್ದ ಸ್ಟೇಪ್ಲರ್‌ಗಳನ್ನೂ ಅಂಟುಪಟ್ಟಿಗಳನ್ನೂ ತೆಗೆಸಿತೆಂದು ಸುದ್ದಿಯಾಯಿತು. ಬೇಕಾದವರು ರಿಸೆಪ್ಷನ್‌ಗೆ ಹೋಗಿ ಎರವಲು ಪಡೆಯಬೇಕಿತ್ತಂತೆ. ಹೆಪ್ಪಿಗೊಂದು ಚಮಚ ಮೊಸರು ಕೇಳಲು ಪಕ್ಕದ ಮನೆಯ ಬಾಗಿಲಲ್ಲಿ ನಿಂತವರಂತೆ ಎಂಜಿನಿಯರ್ ಮಹಾಶಯರು ನಾಲ್ಕು ಹಾಳೆ ಹಿಡಿದು ಅಲ್ಲಿ ನಿಂತಿರಬೇಕು, ಕುಶಲ ಕೇಳಿರಬೇಕು, ಪಿನ್ನು ಹೊಡೆದು ಹಿಂತಿರುಗಿಸಿರಬೇಕು. ಈ ಕುಶಲೋಪರಿ ಇನ್ನೂ ಯಾವ ಖಾತೆಗೂ ಏರಿಲ್ಲ.